27 ಸುತ್ತು ಊದಿದ ಆ ರಾತ್ರಿ: ಜಾಝ್ ಹಬ್ಬದಲ್ಲಿ ಯಾರನ್ನು ಕೂತು ಕೇಳಬೇಕು?

(ಈ ವಾರದ ಸಂಚಿಕೆಯ ಬರಹ ರೂಪ)



ಹೋದ ತಿಂಗಳು ಜಾಝ್ ಬಗ್ಗೆ ಮಾತಾಡಿದ್ದೆ. ಅದನ್ನ ಕೇಳಿದ ಒಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ಪ್ರಶ್ನೆ ಇದು: "ಜಾಝ್ ಫೆಸ್ಟಿವಲ್ ಅಂದ್ರೆ ಒಂದೇ ದಿನ ಏಳೆಂಟು ತಂಡ ಬರುತ್ತೆ. ಎಲ್ಲರೂ ಚೆನ್ನಾಗೇ ನುಡಿಸ್ತಾರೆ. ಯಾರನ್ನ ಕೂತು ಕೇಳಬೇಕು, ಯಾರು ಬಂದಾಗ ಎದ್ದು ಕಾಫಿಗೆ ಹೋಗಬಹುದು, ಅದು ಹೇಗೆ ಗೊತ್ತಾಗುತ್ತೆ?"

ನಾನು ಬಿ.ಕಾಂ. ಓದಿದವನು, ಸಂಗೀತ ಶಾಸ್ತ್ರ ಅಲ್ಲ. ಮೊದಲ ಕೆಲಸ ಸಿಕ್ಕಾಗ ಎರಡನೇ ತಿಂಗಳ ಸಂಬಳದಲ್ಲೇ ಇಂಥ ಒಂದು ಕಾರ್ಯಕ್ರಮಕ್ಕೆ ಟಿಕೆಟ್ ತಗೊಂಡಿದ್ದೆ. ದೊಡ್ಡ ಹೆಸರಿನವರು ರಾತ್ರಿ ಬಂದ್ರು, ಆಲ್ಬಂನಲ್ಲಿ ಇರೋದನ್ನೇ ಸ್ವಲ್ಪ ಜೋರಾಗಿ ನುಡಿಸಿದ್ರು, ಹೋದ್ರು. ಆಮೇಲೆ ಎಲ್ಲರ ಬಾಯಲ್ಲೂ ಸಂಜೆ ನುಡಿಸಿದ ಮೂರು ಜನರ ತಂಡದ್ದೇ ಮಾತು. ಆ ಹೊತ್ತಲ್ಲಿ ನಾನು ಗಾಡಿ ನಿಲ್ಲಿಸೋಕೆ ಜಾಗ ಹುಡುಕ್ತಾ ಇದ್ದೆ. ಹಾಗಾಗಿ ಈ ಪ್ರಶ್ನೆ ನನ್ನದೂ ಹೌದು.

ಉತ್ತರಕ್ಕೆ 1956ಕ್ಕೆ ಹೋಗೋಣ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ನ್ಯೂಪೋರ್ಟ್ ಅಂತ ಸಮುದ್ರದ ದಂಡೆಯ ಒಂದು ಊರು. ಅಲ್ಲಿ 1954ರಲ್ಲಿ ಜಾರ್ಜ್ ವೀನ್ ಅನ್ನೋರು ಜಾಝ್ ಹಬ್ಬ ಶುರು ಮಾಡಿದ್ರು. ಮೂರನೇ ವರ್ಷ ಜುಲೈ 7ರ ಶನಿವಾರ ರಾತ್ರಿ ಡ್ಯೂಕ್ ಎಲಿಂಗ್ಟನ್ ತಂಡದ ಸರದಿ ಇತ್ತು.

ಎಲಿಂಗ್ಟನ್ ಅಂದ್ರೆ ದೊಡ್ಡ ಹೆಸರು ಅಂತ ಈಗ ಹೇಳ್ತೀವಿ. ಆಗಿನ ಲೆಕ್ಕಪುಸ್ತಕ ತೆಗೆದು ನೋಡಿದ್ರೆ ಕಥೆ ಬೇರೆ. ಹದಿನೈದು ಹದಿನಾರು ಜನರ ದೊಡ್ಡ ತಂಡಗಳ ಕಾಲ ಮುಗಿದಿತ್ತು, ಒಂದೊಂದೇ ಬಾಗಿಲು ಹಾಕ್ತಾ ಇದ್ವು. ಎಲಿಂಗ್ಟನ್ ತಾವು ಬರೆದ ಹಳೇ ಹಾಡುಗಳಿಂದ ಬರ್ತಿದ್ದ ರಾಯಲ್ಟಿ ದುಡ್ಡನ್ನ ಸುರಿದು ತಂಡ ಸಾಕ್ತಿದ್ರು. ನಷ್ಟದ ವಿಭಾಗಕ್ಕೆ ಲಾಭದ ವಿಭಾಗದಿಂದ ದುಡ್ಡು ಹಾಕೋದು ಅಂತೀವಲ್ಲ, ಅದೇ. ಹಿಂದಿನ ವರ್ಷ, 1955ರ ಬೇಸಿಗೆಯಲ್ಲಿ, ನ್ಯೂಯಾರ್ಕಿನ ಒಂದು ನೀರಾಟದ ಪ್ರದರ್ಶನಕ್ಕೆ ಹಿನ್ನೆಲೆ ನುಡಿಸೋ ಕೆಲಸವನ್ನೂ ಅವರು ಒಪ್ಪಿಕೊಂಡಿದ್ರು.

ನ್ಯೂಪೋರ್ಟಿನಲ್ಲೂ ಶುರು ಚೆನ್ನಾಗಿರಲಿಲ್ಲ. ಕಾರ್ಯಕ್ರಮದ ಮೊದಲಿಗೆ ಬಂದು ಒಂದೆರಡು ಸಣ್ಣ ಕೃತಿ ನುಡಿಸಿದ್ರು, ಆಗ ತಂಡದ ಕೆಲವರು ಬಂದೇ ಇರಲಿಲ್ಲ. ಆಮೇಲೆ ಬೇರೆಯವರೆಲ್ಲ ನುಡಿಸಿ ಮುಗಿಸೋವರೆಗೆ ಗಂಟೆಗಟ್ಟಲೆ ಕಾಯಬೇಕಾಯ್ತು. ಮತ್ತೆ ವೇದಿಕೆ ಹತ್ತಿದಾಗ ಮಧ್ಯರಾತ್ರಿ ಹತ್ತಿರ. ಜನ ಆಗಲೇ ಮನೆ ಕಡೆ ಹೊರಟಿದ್ರು.

ಆಗ ಎಲಿಂಗ್ಟನ್ ತೆಗೆದಿದ್ದು 1937ರಲ್ಲಿ ತಾವೇ ಬರೆದಿದ್ದ ಜೋಡಿ ಕೃತಿ, 'ಡಿಮಿನ್ಯುಎಂಡೋ ಆಂಡ್ ಕ್ರೆಸೆಂಡೋ ಇನ್ ಬ್ಲೂ'. ಎರಡರ ಮಧ್ಯೆ ಒಂದು ಖಾಲಿ ಜಾಗ. ಅಲ್ಲಿ ಟೆನರ್ ಸ್ಯಾಕ್ಸೋಫೋನಿನ ಪಾಲ್ ಗೊನ್ಸಾಲ್ವಿಸ್ ಒಬ್ಬರೇ ಊದಬೇಕು. ಎಷ್ಟು ಹೊತ್ತು? ನಿನಗೆ ಎಷ್ಟು ಬೇಕೋ ಅಷ್ಟು ಅಂತ ಎಲಿಂಗ್ಟನ್ ಮೊದಲೇ ಹೇಳಿದ್ರಂತೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಬ್ಲೂಸ್ ಅಂದ್ರೆ ಸಾಮಾನ್ಯವಾಗಿ 12 ಬಾರ್‌ಗಳ ಒಂದು ಸುತ್ತು. ಒಂದೊಂದು ಬಾರ್‌ಗೆ ನಾಲ್ಕು ಏಟು. ಸುತ್ತು ಮುಗೀತು ಅಂದ್ರೆ ಮತ್ತೆ ಮೊದಲಿಂದ. ನಮ್ಮಲ್ಲಿ ತಾಳದ ಆವರ್ತ ತಿರುಗಿ ಸಮಕ್ಕೆ ಬರುತ್ತಲ್ಲ, ಆ ಮನೆಗೆ ಬಂದ ಅನುಭವ ಇಲ್ಲೂ ಇದೆ. ಅದನ್ನ ಇವರು 'ಕೋರಸ್' ಅಂತಾರೆ. ಗೊನ್ಸಾಲ್ವಿಸ್ ಆ ರಾತ್ರಿ ಊದಿದ್ದು 27 ಕೋರಸ್. ಲೆಕ್ಕ ಹಾಕಿ: 324 ಬಾರ್, 1,296 ಏಟು, ಆರು ನಿಮಿಷಕ್ಕೂ ಹೆಚ್ಚು.

ಇಷ್ಟು ಹೇಳಿದ್ರೆ ಸರ್ಕಸ್ ತರಹ ಕೇಳಿಸುತ್ತೆ. ಆದ್ರೆ ರೆಕಾರ್ಡಿಂಗ್ ಹಾಕಿ ಕೇಳಿದ್ರೆ ಅದರಲ್ಲಿ ಕಸರತ್ತೇ ಇಲ್ಲ! ನಾನು ಮೊದಲ ಸಲ ಕೇಳಿದಾಗ 'ಇಷ್ಟೇನಾ?' ಅಂದ್ಕೊಂಡಿದ್ದೆ. ಕಿವಿ ಸೀಳೋ ತಾರಸ್ವರಗಳ ಸುರಿಮಳೆ ಇಲ್ಲ, ಬೆರಳಿನ ವೇಗ ತೋರಿಸೋ ಆಸೆ ಇಲ್ಲ. ಸಣ್ಣ ಮಾತು ಒಂದು ಹೇಳ್ತಾರೆ, ಅದನ್ನ ತಿರುಗಿಸ್ತಾರೆ, ಮುಂದಿನ ಸುತ್ತಿಗೆ ದಾಟಿಸ್ತಾರೆ. ಎಲ್ಲೂ ಅವಸರ ಇಲ್ಲ. ಐದನೇ ಸುತ್ತಿನಲ್ಲೇ ಎಲ್ಲ ಖರ್ಚು ಮಾಡಿಬಿಟ್ರೆ ಇಪ್ಪತ್ತನೇದಕ್ಕೆ ಏನು ಉಳಿಯುತ್ತೆ ಅನ್ನೋದು ಅವರಿಗೆ ಗೊತ್ತು.

ಅವರನ್ನ ಬಿಟ್ಟು ಹಿಂದೆ ಇರೋರನ್ನ ಕೇಳಿ. ಬಾಸ್‌ನಲ್ಲಿ ಜಿಮ್ಮಿ ವುಡ್, ಡ್ರಮ್ಸ್‌ನಲ್ಲಿ ಸ್ಯಾಮ್ ವುಡ್‌ಯಾರ್ಡ್. ಆ ಇಬ್ಬರು ಹಾಕಿದ ರಸ್ತೆ ಮೇಲೇ ಗೊನ್ಸಾಲ್ವಿಸ್ ಗಾಡಿ ಓಡ್ತಿರೋದು. ಎಲಿಂಗ್ಟನ್ ಪಿಯಾನೊ ಅಲ್ಲಲ್ಲಿ ಮಾತ್ರ ಬರುತ್ತೆ, ಜಾಸ್ತಿ ಕೇಳೋದು ಅವರು ಹುರಿದುಂಬಿಸೋ ಕೂಗು. ವೇದಿಕೆಯ ಅಂಚಲ್ಲಿ ಜೋ ಜೋನ್ಸ್ ಕೂತಿದ್ರು. ಅವರು ಈ ತಂಡದವರೇ ಅಲ್ಲ, ಕೌಂಟ್ ಬೇಸಿ ತಂಡದಲ್ಲಿ ಹೆಸರು ಮಾಡಿದ ಡ್ರಮ್ಮರ್. ಸುರುಳಿ ಮಾಡಿದ ನ್ಯೂಸ್‌ಪೇಪರಿನಿಂದ ವೇದಿಕೆಗೆ ಬಡೀತಾ ಲಯ ಕೊಡ್ತಿದ್ರು. ಮುಂದಿನ ಸಾಲುಗಳಲ್ಲಿ ಕಪ್ಪು ಡ್ರೆಸ್ ಹಾಕಿದ್ದ ಒಬ್ಬ ಮಹಿಳೆ ಎದ್ದು ಕುಣಿಯೋಕೆ ಶುರು ಮಾಡಿದ್ರು. ಹೊರಟಿದ್ದ ಜನ ವಾಪಸ್ ಬಂದ್ರು. ಸುತ್ತು ಸುತ್ತಿಗೂ ಗದ್ದಲ ಏರೋದು ಟೇಪಿನಲ್ಲೇ ಕೇಳುತ್ತೆ. ದೊಂಬಿ ಆಗಿಬಿಟ್ರೆ ಅಂತ ಹೆದರಿದ ಜಾರ್ಜ್ ವೀನ್, ಸಾಕು ನಿಲ್ಲಿಸಿ ಅಂತ ಸನ್ನೆ ಮಾಡಿದ್ರು. ಎಲಿಂಗ್ಟನ್ ನಿಲ್ಲಿಸಲಿಲ್ಲ, ಇನ್ನೂ ಕೆಲವು ಕೃತಿ ನುಡಿಸಿದ್ರು.

ಅದೇ ಆಗಸ್ಟಿನಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ ಚಿತ್ರ ಬಂತು. ಆ ರಾತ್ರಿಯ ಆಲ್ಬಂ ಅವರ ಜೀವಮಾನದಲ್ಲೇ ಅತಿ ಹೆಚ್ಚು ಮಾರಾಟವಾಯ್ತು. ತಂಡ ಉಳೀತು. ಅವರು ತೀರಿಕೊಂಡ 1974ರವರೆಗೂ ಅದನ್ನ ನಡೆಸಿದ್ರು.

ಹಾಗಾದ್ರೆ ನನ್ನ ಉತ್ತರ: ನುಡಿಸದೆ ಇರೋರನ್ನ ನೋಡಿ. ಒಬ್ಬರು ಸೋಲೋ ನುಡಿಸುವಾಗ ಉಳಿದವರು ಏನು ಮಾಡ್ತಿದ್ದಾರೆ? ಗಡಿಯಾರ ನೋಡ್ತಿದ್ದಾರಾ, ತಮ್ಮ ಸರದಿಗೆ ಕಾಯ್ತಿದ್ದಾರಾ, ಅಥವಾ ಕಿವಿಗೊಟ್ಟು ಕೇಳ್ತಿದ್ದಾರಾ? ಅವರು ಕೇಳ್ತಿದ್ರೆ ನೀವೂ ಕೂರಿ. ಆವತ್ತು ಆ ಜಾಗದಲ್ಲಿ ಏನೋ ಹುಟ್ತಾ ಇದೆ ಅಂತ ಅರ್ಥ. ಇಲ್ಲದಿದ್ರೆ ಕಾಫಿ.

ಇದಕ್ಕೆ ಗದ್ದಲವೇ ಬೇಕು ಅಂತಲ್ಲ. ಅದೇ ನ್ಯೂಪೋರ್ಟಿನಲ್ಲಿ ಹಿಂದಿನ ವರ್ಷ ಮೈಲ್ಸ್ ಡೇವಿಸ್ ಹೆಸರನ್ನ ಕಾರ್ಯಕ್ರಮಕ್ಕೆ ಕೊನೇ ಗಳಿಗೆಯಲ್ಲಿ ಸೇರಿಸಿದ್ರು. ಟ್ರಂಪೆಟ್‌ಗೆ ಮ್ಯೂಟ್ ಹಾಕಿ, ಮೈಕ್‌ಗೆ ಹತ್ತಿರ ಹಿಡಿದು, 'ರೌಂಡ್ ಮಿಡ್‌ನೈಟ್' ಅನ್ನ ಪಿಸುಮಾತಿನ ಹಾಗೆ ನುಡಿಸಿದ್ರು. ಪಿಯಾನೊದಲ್ಲಿ ಇದ್ದಿದ್ದು ಆ ಕೃತಿ ಬರೆದ ಥೆಲೋನಿಯಸ್ ಮಾಂಕ್. ಅದನ್ನ ಕೇಳಿದ ಕೊಲಂಬಿಯಾ ಕಂಪನಿಯ ಜಾರ್ಜ್ ಅವಾಕಿಯನ್, ಮುಂದೆ ಮೈಲ್ಸ್ ಜೊತೆ ಒಪ್ಪಂದ ಮಾಡ್ಕೊಂಡ್ರು.

ನಮ್ಮವರ ಒಂದು ಉದಾಹರಣೆಯೂ ಇದೆ. ಕದ್ರಿ ಗೋಪಾಲನಾಥ್ ಅವರು 1980ರಲ್ಲಿ ಬಾಂಬೆಯ ಜಾಝ್ ಉತ್ಸವದಲ್ಲಿ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸ್ತಿದ್ರು. ಅದನ್ನ ಕೇಳಿದ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ, ನಿಮ್ಮ ಜೊತೆ ನಾನೂ ನುಡಿಸಬಹುದಾ ಅಂತ ಕೇಳಿ ವೇದಿಕೆಗೆ ಬಂದ್ರು. ಹ್ಯಾಂಡಿ ಆಗಲೇ ಹೆಸರುವಾಸಿ. ಕೇಳೋ ಕಿವಿ ಇದ್ದದ್ದಕ್ಕೆ ಎದ್ದು ಬಂದ್ರು. 2008ರಲ್ಲಿ ರುದ್ರೇಶ್ ಮಹಾಂತಪ್ಪ ಜೊತೆ ಕದ್ರಿಯವರು ಮಾಡಿದ 'ಕಿನ್ಸ್‌ಮೆನ್' ಆಲ್ಬಂನಲ್ಲಿ ಇಬ್ಬರು ಸ್ಯಾಕ್ಸೋಫೋನಿಗರು ಒಬ್ಬರನ್ನೊಬ್ಬರು ಹಾಗೆ ಕೇಳ್ತಾ ನುಡಿಸೋದು ಸಿಗುತ್ತೆ.

ಕೊನೆಗೆ ಒಂದು ಎಚ್ಚರಿಕೆ. ನ್ಯೂಪೋರ್ಟ್ ರೆಕಾರ್ಡಿಂಗ್ ಹುಡುಕುವಾಗ 1999ರ ಎರಡು ಸಿ.ಡಿ. ಆವೃತ್ತಿಯನ್ನೇ ಹುಡುಕಿ. ಆ ರಾತ್ರಿ ವೇದಿಕೆ ಮೇಲೆ ಕೊಲಂಬಿಯಾ ಕಂಪನಿಯ ಮೈಕ್ ಒಂದಿತ್ತು, 'ವಾಯ್ಸ್ ಆಫ್ ಅಮೆರಿಕ' ರೇಡಿಯೊದ್ದು ಇನ್ನೊಂದಿತ್ತು. ಗೊನ್ಸಾಲ್ವಿಸ್ 27 ಸುತ್ತನ್ನೂ ಊದಿದ್ದು ರೇಡಿಯೊದವರ ಮೈಕ್‌ಗೆ! ಹಾಗಾಗಿ 1956ರ ಎಲ್.ಪಿ.ಯಲ್ಲಿ ಅವರು ಪಕ್ಕದ ಬೀದಿಯಲ್ಲಿ ನಿಂತು ಊದಿದ ಹಾಗೆ ಕೇಳುತ್ತೆ. ಆ ಎಲ್.ಪಿ.ಯ ಉಳಿದ ಎಷ್ಟೋ ಭಾಗವನ್ನ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಚಪ್ಪಾಳೆ ಸೇರಿಸಿದ್ರು. ರೇಡಿಯೊ ಟೇಪ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿದ್ದು 1990ರ ದಶಕದಲ್ಲಿ. ಹೊಸ ಆವೃತ್ತಿಯಲ್ಲಿ ಎರಡೂ ಟೇಪ್ ಜೋಡಿಸಿದ್ದಾರೆ.

ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಎಷ್ಟನೇ ಸುತ್ತಿನಲ್ಲಿ ನಿಮ್ಮ ಕಾಲು ತಾನಾಗೇ ತಾಳ ಹಾಕಿತು ಅಂತ ನನಗೆ ಬರೆದು ಕಳಿಸಿ. ನನ್ನದು ಒಂಬತ್ತನೇದು. ಸಿಗೋಣ.