ಒಂದೇ ದಿನ, ಮೂರು ಪರೀಕ್ಷೆ

ಟ್ರಯಥ್ಲಾನ್ ಎಂಬ ಕ್ರೀಡೆಯ ಹೆಸರನ್ನು ನೀವು ಕೇಳಿದ್ದೀರಾ? ಕ್ರಿಕೆಟ್‌ ಬಿಟ್ಟರೆ ಬೇರೆ ಆಟದ ಸುದ್ದಿಯೇ ಇಲ್ಲದ ನಮ್ಮ ಮನೆಗಳಲ್ಲಿ ಕೇಳಿರದಿದ್ದರೆ ಆಶ್ಚರ್ಯವೇನಿಲ್ಲ. ಮೊದಲು ಈಜಬೇಕು. ನೀರಿನಿಂದ ಎದ್ದು ಬಂದು ಸೈಕಲ್ ತುಳಿಯಬೇಕು. ಸೈಕಲ್ ಇಳಿದ ಕೂಡಲೇ ಓಡಬೇಕು. ಮಧ್ಯೆ ವಿಶ್ರಾಂತಿಯಿಲ್ಲ. ಬಟ್ಟೆ ಬದಲಿಸುವ ಹೊತ್ತಿನಲ್ಲೂ ಗಡಿಯಾರ ಓಡುತ್ತಲೇ ಇರುತ್ತದೆ.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾದ ಇದರ ಅಳತೆ 1.5 ಕಿಲೋಮೀಟರ್ ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಇದಕ್ಕಿಂತ ಕಠಿಣವಾದುದು ‘ಐರನ್‌ಮ್ಯಾನ್’. ಅದರಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಓಟ. ಅಂದರೆ ಮುಂಜಾನೆ ಈಜಿ, ಬೆಂಗಳೂರಿನಿಂದ ಸುಮಾರು ಹಾಸನದವರೆಗೆ ಸೈಕಲ್ ತುಳಿದು, ಅಲ್ಲಿ ಇಳಿದು ಒಂದು ಪೂರ್ಣ ಮ್ಯಾರಥಾನ್ ಓಡಿದ ಹಾಗೆ! ಈಜುಗಾರರು, ಸೈಕಲ್ ಸವಾರರು, ಓಟಗಾರರು ಇವರಲ್ಲಿ ಹೆಚ್ಚು ಗಟ್ಟಿಗರು ಯಾರು ಎಂಬ ವಾದದಿಂದ 1978ರಲ್ಲಿ ಹವಾಯಿಯಲ್ಲಿ ಇದು ಹುಟ್ಟಿಕೊಂಡಿತು. ಮೊದಲ ವರ್ಷ ಹೊರಟವರು 15 ಮಂದಿ, ಮುಗಿಸಿದವರು 12, ಎಲ್ಲರೂ ಗಂಡಸರು. ಮರುವರ್ಷವೇ ಲಿನ್ ಲೆಮೇರ್ ಎಂಬ ಅಮೆರಿಕದ ಸೈಕಲ್ ಸ್ಪರ್ಧಿ ತನ್ನದಲ್ಲದ ಈ ಹೊಸ ಕ್ರೀಡೆಗೆ ಇಳಿದು, ಗಂಡಸರನ್ನೂ ಸೇರಿಸಿ ಐದನೆಯವರಾಗಿ ಗುರಿ ಮುಟ್ಟಿದರು.

ಆದರೆ ನಾನಿಂದು ನಿಮಗೆ ಪರಿಚಯಿಸಬಯಸುವುದು ಇರಾನಿನ ಶಿರೀನ್ ಗೆರಾಮಿಯವರನ್ನು. ಟೆಹರಾನ್‌ನಲ್ಲಿ ಹುಟ್ಟಿದ ಇವರು ಓದಿದ್ದು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದಲ್ಲಿ. ಟ್ರಯಥ್ಲಾನ್ ಅವರ ಕೈ ಹಿಡಿದದ್ದೂ ಅಲ್ಲಿಯೇ. ಅವರು ಕ್ರೀಡೆಯಿಂದಲೇ ಬದುಕುವ ವೃತ್ತಿಪರರಲ್ಲ, ಹವ್ಯಾಸಿ. ಈ ಕ್ರೀಡೆಯ ಒಂದು ಒಳ್ಳೆಯ ಏರ್ಪಾಡೆಂದರೆ ಹವ್ಯಾಸಿಗಳಿಗೂ ವಿಶ್ವ ಚಾಂಪಿಯನ್‌ಶಿಪ್ ಇರುವುದು. ವಯಸ್ಸನ್ನು ಐದೈದು ವರ್ಷಗಳ ಗುಂಪುಗಳಾಗಿ ವಿಂಗಡಿಸಿ ಅವರವರ ವಯಸ್ಸಿನವರೊಡನೆ ಸ್ಪರ್ಧೆ ನಡೆಸುತ್ತಾರೆ. ನಲವತ್ತು ದಾಟಿದವಳು ಇಪ್ಪತ್ತರ ಹುಡುಗಿಯನ್ನು ಸೋಲಿಸಬೇಕಾಗಿಲ್ಲ. ನಮ್ಮ ಶಾಲೆಗಳ ಕ್ರೀಡಾಕೂಟಗಳಲ್ಲಿ ‘ತಾಯಂದಿರ ಓಟ’ ಎಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಗುವವರು ಇದನ್ನು ನೋಡಿ ಕಲಿಯಬೇಕು.

ಸಾಧಾರಣ ಸ್ಪರ್ಧೆಗಳಿಗೆ ಯಾರು ಬೇಕಾದರೂ ಹಣ ಕಟ್ಟಿ ಹೆಸರು ನೋಂದಾಯಿಸಬಹುದು. ಆದರೆ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗಲು ಸ್ವದೇಶದ ಸಂಸ್ಥೆಯ ಒಪ್ಪಿಗೆ ಬೇಕು. ತೊಡಕು ಬಂದದ್ದು ಇಲ್ಲಿಯೇ. ಇರಾನಿನ ಪರವಾಗಿ ಅದುವರೆಗೆ ಯಾವ ಮಹಿಳೆಯೂ ಈ ಕ್ರೀಡೆಯ ವಿಶ್ವ ಸ್ಪರ್ಧೆಗೆ ಇಳಿದಿರಲಿಲ್ಲ. ಗಂಡಸರೂ ಇರುವ ಬಯಲಿನಲ್ಲಿ ಹೆಣ್ಣುಮಗಳು ಈಜುವುದು ಹೇಗೆ, ಸೈಕಲ್ ಮೇಲೆ ತೊಡುವುದೇನು, ಓಡುವಾಗ ತಲೆವಸ್ತ್ರ ನಿಲ್ಲುವುದು ಹೇಗೆ? ಮೂರು ಆಟಕ್ಕೂ ಒಪ್ಪುವ ಉಡುಪನ್ನು ತೋರಿಸಿ ಅಧಿಕಾರಿಗಳ ಮನವೊಲಿಸಲು ಶಿರೀನ್ ತಿಂಗಳುಗಟ್ಟಲೆ ಓಡಾಡಿದರು. ಅತ್ತ ವ್ಯಾಯಾಮ, ಇತ್ತ ಪತ್ರ ವ್ಯವಹಾರ. ಅನುಮತಿ ಕೈಗೆ ಬಂದಾಗ ಸ್ಪರ್ಧೆ ತೀರಾ ಹತ್ತಿರವಾಗಿತ್ತು.

2013ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಅವರು ಮೈ ತಲೆ ಮುಚ್ಚಿದ ಉಡುಪಿನಲ್ಲಿ ಇರಾನಿನ ಹೆಸರಿನಲ್ಲಿ ಸ್ಪರ್ಧಿಸಿದರು. ಪದಕವೇನೂ ಬರಲಿಲ್ಲ. ಆದರೆ ಇರಾನಿನ ಅಂದಿನ ಅಧ್ಯಕ್ಷ ಹಸನ್ ರೂಹಾನಿಯವರ ಟ್ವಿಟರ್ ಖಾತೆಯಲ್ಲಿ ಅವರ ಹೆಸರು ಪ್ರಶಂಸೆಯೊಂದಿಗೆ ಕಾಣಿಸಿಕೊಂಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ತಣ್ಣೀರಿನಲ್ಲಿ ಈಜುವಾಗ ಸ್ಪರ್ಧಿಗಳು ಕುತ್ತಿಗೆಯಿಂದ ಕಾಲಿನವರೆಗೆ ರಬ್ಬರಿನ ಉಡುಪು ತೊಡಬಹುದು. ತಲೆಗೆ ಟೊಪ್ಪಿ ಹೇಗೂ ಇರುತ್ತದೆ. ಅಂದರೆ ಎಲ್ಲರಿಗಿಂತ ಕಷ್ಟವೆಂದು ಭಾವಿಸಿದ್ದ ಈಜಿನಲ್ಲಿಯೇ ಎಲ್ಲ ಮಹಿಳೆಯರೂ ಹೆಚ್ಚುಕಡಿಮೆ ಮೈ ಮುಚ್ಚಿಕೊಂಡಿರುತ್ತಾರೆ! ನಿಜವಾದ ಕಷ್ಟವಿರುವುದು ದಡಕ್ಕೆ ಬಂದ ಮೇಲೆ. ಉಳಿದವರು ರಬ್ಬರಿನ ಉಡುಪನ್ನು ಸರಕ್ಕನೆ ಎಳೆದುಹಾಕಿ ಒಳಗಿನ ಚಿಕ್ಕ ಬಟ್ಟೆಯಲ್ಲೇ ಸೈಕಲ್ ಏರುತ್ತಾರೆ. ಒದ್ದೆ ಮೈಯ ಮೇಲೆ ತುಂಬುತೋಳಿನ ಅಂಗಿ ಏರಿಸುವುದು ಎಷ್ಟು ರಗಳೆಯೆಂದು ಮಳೆಗಾಲದಲ್ಲಿ ಮಕ್ಕಳಿಗೆ ಅವಸರದಲ್ಲಿ ಸಮವಸ್ತ್ರ ತೊಡಿಸಿದ ತಾಯಂದಿರಿಗೆ ಹೇಳಬೇಕಾಗಿಲ್ಲ.

ಇರಾನಿನಲ್ಲಿ ತಲೆವಸ್ತ್ರ ಕಾನೂನಿನ ಕಡ್ಡಾಯ ಎಂಬುದನ್ನೂ ಮರೆಯಬಾರದು. ಹಾಗಾಗಿ ಇದನ್ನು ಹಿಜಾಬಿನ ವಿಜಯವೆಂದು ಕೊಂಡಾಡುವುದಾಗಲಿ, ಹಿಜಾಬಿನ ವಿರುದ್ಧದ ಬಂಡಾಯವೆಂದು ಬಣ್ಣಿಸುವುದಾಗಲಿ ನನಗೆ ಸರಿ ಕಾಣುವುದಿಲ್ಲ. ಆಕೆಗೆ ಸ್ಪರ್ಧಿಸಬೇಕಿತ್ತು, ಅದೂ ತನ್ನ ದೇಶದ ಹೆಸರಿನಲ್ಲಿ. ಅದಕ್ಕಿದ್ದ ಷರತ್ತಿನೊಳಗೆ ದಾರಿ ಹುಡುಕಿದರು. ತಡೆ ಒಂದೇ ಕಡೆಯಿಂದ ಬರುವುದೂ ಇಲ್ಲ. 2011ರಲ್ಲಿ ಇದೇ ಇರಾನಿನ ಮಹಿಳಾ ಫುಟ್‌ಬಾಲ್ ತಂಡವನ್ನು ತಲೆವಸ್ತ್ರದ ಕಾರಣಕ್ಕೆ ಒಲಿಂಪಿಕ್ಸ್ ಅರ್ಹತಾ ಪಂದ್ಯದಿಂದ ಹೊರಗಿಟ್ಟಿದ್ದು ಅಂತಾರಾಷ್ಟ್ರೀಯ ಸಂಸ್ಥೆಯ ನಿಯಮ. ಫಿಫಾ ಆ ನಿಯಮವನ್ನು ಅಧಿಕೃತವಾಗಿ ಕೈಬಿಟ್ಟದ್ದು 2014ರಲ್ಲಿ, ಬಾಸ್ಕೆಟ್‌ಬಾಲ್ ಸಂಸ್ಥೆ 2017ರಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ತನ್ನದೇ ಆಟಗಾರ್ತಿಯರಿಗೆ ಹಿಜಾಬ್ ನಿಷೇಧಿಸಿತ್ತು. ಮುಚ್ಚಿಕೊಳ್ಳದಿದ್ದರೆ ಆಡುವಂತಿಲ್ಲ ಎಂದು ಒಬ್ಬರು, ಮುಚ್ಚಿಕೊಂಡರೆ ಆಡುವಂತಿಲ್ಲ ಎಂದು ಇನ್ನೊಬ್ಬರು. ನಡುವೆ ಸೊರಗುವುದು ಹುಡುಗಿಯ ಪ್ರತಿಭೆ.

ಶಿರೀನ್ ಅಲ್ಲಿಗೆ ನಿಲ್ಲಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಹವಾಯಿಯ ಕೋನಾದಲ್ಲಿ ನಡೆದ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದರು. ಲಂಡನ್ನಿನ ಅನುಭವ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುವಂತಿರಲಿಲ್ಲ. ಕೋನಾದ ಸಮುದ್ರ ಬೆಚ್ಚಗಿರುವುದರಿಂದ ರಬ್ಬರಿನ ಉಡುಪಿಗೆ ಅನುಮತಿಯಿಲ್ಲ. ಸೈಕಲ್ ದಾರಿ ಜ್ವಾಲಾಮುಖಿಯ ಕಪ್ಪು ಲಾವಾ ಬಯಲಿನ ಮಧ್ಯೆ ಹಾದುಹೋಗುತ್ತದೆ. ನೆರಳಿಲ್ಲ. ಅಡ್ಡಗಾಳಿ ಸೈಕಲನ್ನೇ ಪಕ್ಕಕ್ಕೆ ತಳ್ಳುತ್ತದೆ. ಮೈಯ ಶಾಖ ಹೊರಹೋಗುವುದು ಬೆವರು ಆರಿದಾಗ. ತಲೆಯಿಂದ ಕಾಲಿನವರೆಗೆ ಬಟ್ಟೆ ತೊಟ್ಟವರಿಗೆ ಬೆವರು ಆರುವಂಥ ತೆಳುವಾದ ಬಟ್ಟೆ ಸಿಗದಿದ್ದರೆ ಅಪಾಯವೇ ಸರಿ. ಈಜನ್ನು 2 ಗಂಟೆ 20 ನಿಮಿಷದೊಳಗೆ, ಇಡೀ ಸ್ಪರ್ಧೆಯನ್ನು 17 ಗಂಟೆಗಳೊಳಗೆ ಮುಗಿಸದಿದ್ದರೆ ಲೆಕ್ಕಕ್ಕಿಲ್ಲ. ಶಿರೀನ್ ಮುಗಿಸಿದರು. ಇರಾನಿನ ಮಹಿಳೆಯೊಬ್ಬರು ಕೋನಾದ ಗುರಿ ಮುಟ್ಟಿದ್ದು ಅದೇ ಮೊದಲು.

ಒಂದು ದಿನದ ಈ ಸ್ಪರ್ಧೆಯ ಹಿಂದೆ ತಿಂಗಳುಗಳ ದುಡಿಮೆಯಿರುತ್ತದೆ. ಹವ್ಯಾಸಿಯಾದವರು ಕೆಲಸಕ್ಕೆ ಹೋಗುವ ಮೊದಲು ಈಜಿ, ಬಂದ ಮೇಲೆ ಓಡಿ, ರಜಾದಿನದಂದು ನಾಲ್ಕೈದು ಗಂಟೆ ಸೈಕಲ್ ತುಳಿಯುತ್ತಾರೆ. ಸ್ಪರ್ಧೆ ಎರಡು ಮೂರು ವಾರವಿದೆಯೆನ್ನುವಾಗ ವ್ಯಾಯಾಮವನ್ನು ಕಡಿಮೆ ಮಾಡುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ಹೇಳಿದ್ದೇನೆ. ಅವರು ನಂಬುವುದಿಲ್ಲ!

ಹೆಣ್ಣಿಗೇಕೆ ಓಟ ಎನ್ನುವವರಿಗೆ ಹಝ್ರತ್ ಆಯಿಶಾ(ರ) ಪ್ರವಾದಿವರ್ಯರೊಂದಿಗೆ(ಸ) ಓಟದ ಪಂದ್ಯ ಕಟ್ಟಿದ್ದ ಪ್ರಸಂಗ ಗೊತ್ತಿರಬೇಕು. ಮೊದಲ ಸಲ ಗೆದ್ದದ್ದು ಅವರೇ. ಮುಂದೆ ಮೈ ತುಂಬಿಕೊಂಡ ಮೇಲೆ ಸೋತರು. ಅದನ್ನು ಸ್ವತಃ ಅವರೇ ತಿಳಿಸಿದ್ದಾರೆ.

ಇಂತಹ ಸಾಹಸ ನಮಗೆ ದೂರದ್ದೆಂದೂ ಭಾವಿಸಬೇಡಿ. ಬೆಂಗಳೂರಿನಲ್ಲಿ ಸ್ವಂತ ಸಂಸ್ಥೆ ನಡೆಸುತ್ತಿದ್ದ ಇಂಜಿನಿಯರ್ ಅನು ವೈದ್ಯನಾಥನ್ 2009ರಲ್ಲಿ ಕೆನಡಾದ ‘ಅಲ್ಟ್ರಾಮ್ಯಾನ್’ ಮುಗಿಸಿದರು. ಮೂರು ದಿನಗಳಲ್ಲಿ 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ! ಹೊಸಬರಿಗೆಂದು 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಚಿಕ್ಕ ಸ್ಪರ್ಧೆಯೂ ಇದೆ. ನಡಿಗೆ, ಓಟ ಇಂದೇ ಆರಂಭಿಸಬಹುದು. ನಮ್ಮಲ್ಲಿ ಹೆಚ್ಚಿನವರಿಗೆ ಬಾರದಿರುವುದು ಈಜು. ನಿಮ್ಮ ಊರಿನ ಈಜುಕೊಳದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸಮಯವಿದೆಯೇ, ಕಲಿಸುವವರು ಮಹಿಳೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ನಾಲ್ಕೈದು ಮನೆಯವರು ಸೇರಿ ಒಂದು ಅರ್ಜಿ ಕೊಡಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.