ಕುಂಬಳದ ಹೂ ಉದುರಿದರೆ ಬಳ್ಳಿಯನ್ನು ಬೈಯಬೇಡಿರಿ

ಮುಂಗಾರಿನ ಮೊದಲ ಮಳೆ ಬಿದ್ದಾಗ ಬಚ್ಚಲ ಹಿಂದೆ ನಾಲ್ಕು ಕುಂಬಳದ ಬೀಜ ಊರಿದ್ದೀರಿ. ಬಳ್ಳಿ ಚೆನ್ನಾಗಿ ಹಬ್ಬಿ ಬೇಲಿ ಏರಿದೆ. ಬೆಳಗಾದರೆ ಅಂಗೈಯಗಲದ ಹಳದಿ ಹೂಗಳು ಅರಳುತ್ತವೆ. ಮಧ್ಯಾಹ್ನಕ್ಕೆ ಬಾಡಿ, ಮಾರನೆಯ ದಿನ ನೆಲಕ್ಕೆ ಉದುರುತ್ತವೆ. ಕಾಯಿ ಮಾತ್ರ ಒಂದೂ ಇಲ್ಲ. "ಇದು ಗೊಡ್ಡು ಬಳ್ಳಿ ಕಣವ್ವ, ಕಿತ್ತು ದನಕ್ಕೆ ಹಾಕು" ಅಂತ ಅತ್ತೆಯವರು ಅಂತಾರೆ. "ಯಾರದೋ ಕಣ್ಣು ತಾಗಿದೆ" ಅಂತ ಪಕ್ಕದ ಮನೆಯವರು ಅಂತಾರೆ. ಬಳ್ಳಿಗೆ ಕೈ ಹಾಕುವ ಮುಂಚೆ ನಮ್ಮ ಮಾತು ಸ್ವಲ್ಪ ಕೇಳಿರಿ.

ದನಕರುಗಳಲ್ಲಿ ಗಂಡು ಹೆಣ್ಣು ಇರುವುದು ನಮಗೆಲ್ಲ ಗೊತ್ತು. ಹೂಗಳಲ್ಲೂ ಹಾಗೆಯೇ ಉಂಟು. ಬದನೆ, ಮೆಣಸಿನಕಾಯಿ, ಟೊಮೇಟೊ, ಅವರೆ ಇವುಗಳಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಒಂದೇ ಹೂವಿನೊಳಗೆ ಇರುತ್ತವೆ. ಕುಂಬಳ, ಹೀರೆ, ಸೋರೆ, ಪಡವಲ, ಹಾಗಲ, ಸೌತೆ ಇವುಗಳಲ್ಲಿ ಹಾಗಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಂಗಿಯಲ್ಲಂತೂ ಎಷ್ಟೋ ಸಲ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ.

ಇದನ್ನು ಪ್ರಯೋಗ ಮಾಡಿ ತೋರಿಸಿದವನು ಜರ್ಮನಿಯ ಕ್ಯಾಮರೇರಿಯಸ್ ಎಂಬ ವಿದ್ವಾಂಸ; 1694ರಲ್ಲಿ. ಅವನು ಆರಿಸಿಕೊಂಡ ಗಿಡಗಳಲ್ಲಿ ನಮ್ಮ ಹರಳು ಗಿಡವೂ ಒಂದು. ಅದರ ಗಂಡು ಹೂಗಳನ್ನು ಅರಳುವ ಮೊದಲೇ ಚಿವುಟಿ ಹಾಕಿದ. ಗಿಡ ಬೀಜ ಕಟ್ಟಲಿಲ್ಲ.

ಹಾಗಾದರೆ ಗಂಡು ಯಾವುದು, ಹೆಣ್ಣು ಯಾವುದು? ನಾಳೆ ಬೆಳಿಗ್ಗೆ ನೀವೇ ನೋಡಿರಿ. ಗಂಡು ಹೂವಿನ ತೊಟ್ಟು ಉದ್ದ, ತೆಳ್ಳಗೆ. ನಡುವೆ ಒಂದು ಕಡ್ಡಿ. ಮುಟ್ಟಿದರೆ ಬೆರಳಿಗೆ ಅರಿಸಿನದಂಥ ಪುಡಿ ಅಂಟುತ್ತದೆ. ಆ ಪುಡಿಯೇ ಪರಾಗ. ಹೆಣ್ಣು ಹೂವಿನ ತೊಟ್ಟು ಗಿಡ್ಡ, ದಪ್ಪ. ಎಸಳಿನ ಕೆಳಗೆ ಗೋಲಿಯಂಥ ಪುಟ್ಟ ಕಾಯಿ ಆಗಲೇ ಕೂತಿರುತ್ತದೆ. ಹೂವಿನ ನಡುವೆ ಅಂಟು ಅಂಟಾದ ಗಂಟು ಇರುತ್ತದೆ. ಪರಾಗ ಆ ಗಂಟಿನ ಮೇಲೆ ಬಿದ್ದರೆ ಪುಟ್ಟ ಕಾಯಿ ಬೆಳೆಯುತ್ತದೆ. ಬೀಳದಿದ್ದರೆ ಹಳದಿಗೆ ತಿರುಗಿ ಉದುರುತ್ತದೆ. ಅರೆಬರೆ ಬಿದ್ದರೆ ಕಾಯಿ ಸೊಟ್ಟಗಾಗುತ್ತದೆ.

ಕುಂಬಳದ ಬಳ್ಳಿ ಸಾಮಾನ್ಯವಾಗಿ ಮೊದಲು ಬಿಡುವುದು ಬರೀ ಗಂಡು ಹೂ. ಹೆಣ್ಣು ಹೂ ಬರುವುದು ವಾರವೋ ಹತ್ತು ದಿನವೋ ಕಳೆದ ಮೇಲೆ. ಆದ್ದರಿಂದ ಮೊದಲ ಹೂಗಳು ಉದುರಿದರೆ ಅದು ರೋಗವೂ ಅಲ್ಲ, ದೃಷ್ಟಿಯೂ ಅಲ್ಲ, ಬಳ್ಳಿಯ ಧರ್ಮ. ಸ್ವಲ್ಪ ತಾಳಿಕೊಳ್ಳಿರಿ.

ಹೆಣ್ಣು ಹೂ ಬಂದ ಮೇಲೂ ಕಾಯಿ ಕಚ್ಚದಿದ್ದರೆ? ಆಗ ಜೇನು ಬರುತ್ತಿದೆಯೇ ನೋಡಿರಿ. ಕುಂಬಳದ ಪರಾಗ ಅಂಟು, ಭಾರ, ಗಾಳಿಗೆ ಹಾರುವುದಿಲ್ಲ. ತುಡುವೆ ಜೇನು, ಕೋಲು ಜೇನುಗಳಂಥ ಹುಳುಗಳು ಅದನ್ನು ಹೊತ್ತು ತರಬೇಕು. ಹೆಣ್ಣು ಹೂ ತೆರೆದಿರುವುದು ಒಂದೇ ಒಂದು ಬೆಳಗು; ಬಿಸಿಲೇರಿದರೆ ಮುಚ್ಚಿತು. ಆ ಹೊತ್ತಿನಲ್ಲೇ ನೀವು ಹುಳದ ಔಷಧಿ ಹೊಡೆದರೆ ಜೇನು ಸತ್ತೀತು. ಆಮೇಲೆ ಕಾಯಿ ಎಲ್ಲಿಂದ ಬರಬೇಕು? ಜಡಿಮಳೆ ಹಿಡಿದ ದಿನವೂ ಜೇನು ಹೊರಡುವುದಿಲ್ಲ.

ಅಂಥಾಗ ಜೇನಿನ ಕೆಲಸ ನಾವೇ ಮಾಡಬಹುದು. ಬಾಗಿಲು ಸಾರಿಸಿ ರಂಗೋಲಿ ಹಾಕುವ ಹೊತ್ತಿಗೆ ಹಿತ್ತಲಿಗೆ ಹೋಗಿರಿ. ಆಗತಾನೆ ಅರಳಿದ ಗಂಡು ಹೂ ಒಂದನ್ನು ತೊಟ್ಟಿನ ಸಮೇತ ಕಿತ್ತು, ಎಸಳು ಸುಲಿಯಿರಿ. ಉಳಿದ ಕಡ್ಡಿಯನ್ನು ಹೆಣ್ಣು ಹೂವಿನ ಗಂಟಿನ ಮೇಲೆ ಎಲ್ಲ ಕಡೆಗೂ ಮೆಲ್ಲಗೆ ಸವರಿರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂಗಳಿಗೆ ಸಾಕು. ಎಂಟು ಗಂಟೆಯೊಳಗೆ ಮುಗಿಸಿರಿ. ಕುಂಬಳಕ್ಕೆ ಕುಂಬಳದ್ದೇ ಆಗಬೇಕು. ಹೀರೆಯ ಪರಾಗ ನಡೆಯದು. ಹೀರೆ, ಸೋರೆ, ಪಡವಲದ ಹೂ ಅರಳುವುದು ಸಂಜೆಗೆ. ಅವಕ್ಕೆ ಸಂಜೆಯೇ ಮಾಡಿರಿ. ಕೆಲಸ ಕೈಗೂಡಿದ್ದರೆ ಕೆಲವೇ ದಿನದಲ್ಲಿ ಕಾಯಿ ಉಬ್ಬುವುದು ಕಾಣುತ್ತದೆ.

ಇನ್ನೆರಡು ಮಾತು. ಗೊಬ್ಬರ ಹೆಚ್ಚಾದರೆ, ಅದರಲ್ಲೂ ಯೂರಿಯಾ ಹೆಚ್ಚಾದರೆ, ಬಳ್ಳಿ ಬರೀ ಎಲೆ ಬಿಟ್ಟು ಮೆರೆಯುತ್ತದೆ; ಹೆಣ್ಣು ಹೂ ಕಡಿಮೆ. ಹಳೆಯ ಕೊಟ್ಟಿಗೆ ಗೊಬ್ಬರ ಗುಂಡಿಗೆ ಒಂದು ಮಂಕರಿ ಇದ್ದರೆ ಸಾಕು. ಎರಡನೆಯದು, ಉದುರಿದ ಪುಟ್ಟ ಕಾಯನ್ನು ಸೀಳಿ ನೋಡಿರಿ. ಒಳಗೆ ಬಿಳಿ ಹುಳು ಇದ್ದರೆ ಅದು ಹಣ್ಣಿನ ನೊಣದ ಕಾಟ. ಅಂಥ ಕಾಯಿಗಳನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಿರಿ. ಹುಳು ಇಲ್ಲದೆ ಬರೀ ಹಳದಿಯಾಗಿ ಸುರುಟಿದ್ದರೆ ಪರಾಗ ತಾಗಿಲ್ಲವೆಂದೇ ಮೊದಲು ತಿಳಿಯಿರಿ.

ಹಬ್ಬದಲ್ಲಿ ಸಗಣಿಯ ಬೆನಕನಿಗೆ ಕುಂಬಳದ ಹೂ ಸಿಕ್ಕಿಸುವುದು ಕೆಲವು ಊರುಗಳಲ್ಲಿ ವಾಡಿಕೆ. ಮಕ್ಕಳನ್ನು ಹೂ ಕೀಳಲು ಕಳಿಸುವಾಗ, "ಉದ್ದ ತೊಟ್ಟಿನದು ಮಾತ್ರ ಕೀಳು ಮಗಾ, ಬುಡದಲ್ಲಿ ಕಾಯಿ ಇರೋದನ್ನ ಮುಟ್ಟಬೇಡ" ಅಂತ ಹೇಳಿಕೊಡಿರಿ. ಗಂಡು ಹೂ ಹೆಚ್ಚಿದ್ದರೆ ಪಲ್ಯಕ್ಕೂ ಆದೀತು. ಜೇನಿಗೆ ನಾಲ್ಕು ಬಿಟ್ಟಿರಿ, ಅಷ್ಟೆ.

ಚೆನ್ನಾಗಿ ಬಲಿತ ಸಿಹಿಗುಂಬಳ ಒಣಗಿದ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರ ಹಳದಿ ತಿರುಳು ಮಕ್ಕಳ ಕಣ್ಣಿಗೆ ಒಳ್ಳೆಯದು. ತರಕಾರಿ ಕೊಳ್ಳಲು ಕೈಯಲ್ಲಿ ಕಾಸಿಲ್ಲದ ದಿನ ಅಟ್ಟದ ಮೇಲಿನ ಒಂದು ಕಾಯಿ ಮನೆಮಂದಿಯ ಸಾರಿಗಾಗುತ್ತದೆ. ಆದುದರಿಂದ ಹೂ ಉದುರಿತೆಂದು ಬಳ್ಳಿಯನ್ನು ಕೀಳಬೇಡಿರಿ. ನಾಳೆ ಬೆಳಿಗ್ಗೆ ಹಿತ್ತಲಿಗೆ ಹೋಗಿ, ಒಂದೊಂದು ಹೂವಿನ ಬುಡ ನೋಡಿರಿ.