ಲಿಂಕ್ ಒತ್ತದಿದ್ದರೆ ಫೋನ್ ಭದ್ರವೇ?

ಮಡಂತ್ಯಾರು ಪೇಟೆಯಲ್ಲಿ ಮೀನಿನಿಂದ ಹಿಡಿದು ರಿಕ್ಷಾ ಬಾಡಿಗೆಯವರೆಗೆ ಈಗ ದುಡ್ಡು ಕೈಬದಲಾಗುವುದು ಫೋನಿನಲ್ಲೇ. ಆ ಫೋನುಗಳಲ್ಲಿ ಬಹುಪಾಲು ಆಂಡ್ರಾಯ್ಡ್. ಅದರ ತಳಪಾಯ ಲಿನಕ್ಸ್ ಕರ್ನಲ್. ಆ ಕರ್ನಲ್‌ನ ನೆಟ್‌ವರ್ಕ್ ಭಾಗದಲ್ಲಿ ಗೂಗಲ್‌ನ ಕ್ಲೆಮಾಂ ಲೆಸಿನ್ಯ ಒಂದು ದೋಷ (ಸಿವಿಇ-2024-36971) ಪತ್ತೆಹಚ್ಚಿದರು. 2024ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್‌ಗೆ ತಿದ್ದುಪಡಿ ಬಂತು. ಆಯ್ದ ಕೆಲವರ ಮೇಲೆ ಈ ದೋಷದ ದುರ್ಬಳಕೆ ನಡೆದಿರುವ ಸೂಚನೆಯಿದೆ ಎಂದೂ ಗೂಗಲ್ ಎಚ್ಚರಿಸಿತು.

ತಪ್ಪು ಕಲ್ಪನೆ: ಒಟಿಪಿ ಹೇಳದೆ, ಲಿಂಕ್ ಒತ್ತದೆ ಇದ್ದರೆ ಸಾಕು.
ಸತ್ಯ: ಆ ಎಚ್ಚರ ಬೇಕೇ ಬೇಕು, ಆದರೆ ಸಾಲದು. ಮೇಲೆ ಹೇಳಿದ ದೋಷ ಇದ್ದದ್ದು ಕರ್ನಲ್‌ನಲ್ಲೇ. ಡೇಟಾ ಯಾವ ದಾರಿಯಲ್ಲಿ ಹೋಗಬೇಕೆಂಬ ವಿವರವನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ದಾರಿ ಕೆಟ್ಟರೆ ಮೊದಲು ಆ ಜಾಗದ ವಿಳಾಸ ಅಳಿಸಿ, ಆಮೇಲೆ ಜಾಗ ಬಿಟ್ಟುಕೊಡಬೇಕು. ಇಲ್ಲಿ ಆ ಕ್ರಮ ತಪ್ಪಿತ್ತು. ಜಾಗ ಬಿಟ್ಟ ಮೇಲೂ ವಿಳಾಸ ಉಳಿದಿರುವ ಸಂದಿಯೊಂದಿತ್ತು. ಬಾಡಿಗೆ ಕೋಣೆಗೆ ಬೇರೆಯವರು ಬಂದು ಕೂತಿದ್ದರೂ ಹಳಬರೇ ಇದ್ದಾರೆಂದು ನಂಬಿ ವ್ಯವಹರಿಸಿದಂತೆ, ಆ ಜಾಗಕ್ಕೆ ದಾಳಿಕೋರ ತುಂಬಿದ್ದನ್ನು ಕರ್ನಲ್ ತನ್ನದೇ ಎಂದು ನಂಬಿಬಿಡಬಹುದು.

ತಪ್ಪು ಕಲ್ಪನೆ: ಹಾಗಾದರೆ ಯಾರು ಬೇಕಾದರೂ ನೇರವಾಗಿ ಒಳನುಗ್ಗಬಹುದು.
ಸತ್ಯ: ಇಲ್ಲ. ಈ ದೋಷ ಬಳಸಲು ಮೊದಲೇ ಫೋನಿನೊಳಗೆ ಕಾಲೂರಿರಬೇಕು. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಿಕೊಳ್ಳುವುದು ಅದಕ್ಕೆ ಒಂದು ದಾರಿ. ಬ್ರೌಸರ್‌ನಂಥ ಒಳ್ಳೆಯ ಆ್ಯಪ್‌ನ ದೋಷ ಇನ್ನೊಂದು. ಅಲ್ಲಿಂದ ಇಡೀ ಫೋನನ್ನೇ ವಶಪಡಿಸಿಕೊಳ್ಳಲು ಕರ್ನಲ್ ದೋಷ ನೆರವಾಗುತ್ತದೆ.

ತಪ್ಪು ಕಲ್ಪನೆ: ಲಿನಕ್ಸ್ ಕೋಡ್ ಜಗತ್ತೇ ನೋಡುವಂಥದ್ದು, ಅದರಲ್ಲಿ ದೋಷ ಅಡಗಿರಲಾರದು.
ಸತ್ಯ: ಲಿನಕ್ಸ್‌ನ ಫೈರ್‌ವಾಲ್ ಭಾಗದಲ್ಲಿ 2014ರಲ್ಲಿ ಸೇರಿದ ಇದೇ ಬಗೆಯ ದೋಷ (ಸಿವಿಇ-2024-1086) ಹೊರಬಿದ್ದದ್ದು 2024ರಲ್ಲಿ. ಕೋಡ್ ತೆರೆದಿದ್ದರೆ ಸಾಲದು, ಬಲ್ಲವರು ಕೂತು ಹುಡುಕಬೇಕು.

ತಪ್ಪು ಕಲ್ಪನೆ: ಆಂಟಿವೈರಸ್ ಇದೆ, ಆಗಾಗ ರೀಸ್ಟಾರ್ಟ್ ಮಾಡುತ್ತೇನೆ, ಸಾಕು.
ಸತ್ಯ: ಆಂಟಿವೈರಸ್ ಆ್ಯಪ್ ನಿಂತಿರುವುದೇ ಕರ್ನಲ್ ಮೇಲೆ, ಕರ್ನಲನ್ನು ಅದು ದುರಸ್ತಿ ಮಾಡಲಾರದು. ರೀಸ್ಟಾರ್ಟ್ ಮೆಮೊರಿಯನ್ನು ಖಾಲಿ ಮಾಡುತ್ತದೆ, ಕೋಡಿನ ತಪ್ಪು ಹಾಗೇ ಉಳಿಯುತ್ತದೆ.

ತಪ್ಪು ಕಲ್ಪನೆ: ಅಪ್‌ಡೇಟ್ ಅಂದರೆ ಡೇಟಾ ಖರ್ಚು, ಫೋನ್ ಸ್ಲೋ.
ಸತ್ಯ: ಇಂಥ ದೋಷಗಳಿಗೆ ಇರುವ ಮದ್ದು ಅದೊಂದೇ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದು ಸೆಕ್ಯೂರಿಟಿ ಅಪ್‌ಡೇಟ್‌ನ ದಿನಾಂಕ ನೋಡಿ. 2024ರ ಆಗಸ್ಟ್ 5 ಅಥವಾ ಆಮೇಲಿನದಾಗಿದ್ದರೆ ಮೊದಲು ಹೇಳಿದ ದೋಷಕ್ಕೆ ತಿದ್ದುಪಡಿ ಸೇರಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಬೇಡಿ, ಬಂದ ಅಪ್‌ಡೇಟನ್ನೆಲ್ಲ ಹಾಕಿಕೊಳ್ಳಿ. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಹಳೆ ಫೋನಿನಲ್ಲಿ ಹಾಡು ಕೇಳಿ, ಫೋಟೊ ನೋಡಿ. ಬ್ಯಾಂಕ್ ಖಾತೆ ಮಾತ್ರ ಇಡಬೇಡಿ.